ಹೊಸ ಬ್ರೇಕ್ ಪ್ಯಾಡ್ ಹಾಕಿಸಿದ ಮೇಲೂ ಡಿಸ್ಕ್ ಅರ್ಧ ಮಾತ್ರ ಹೊಳೀತಿದೆಯಾ?

ಈ ವಾರ ಬೆಳೆ ಬಿಟ್ಟು ಕಾರಿನ ಬ್ರೇಕ್ ಬಗ್ಗೆ ಬರೀತಿದ್ದೀನಿ. ಕಾರಣ ಇದೆ. ನಮ್ಮಂಥವರ ಕಾರು ಬರೀ ಮದುವೆ ಮನೆಗೆ ಹೋಗೋ ಕಾರಲ್ಲ. ಹಿಂದಿನ ಸೀಟು ಮಡಚಿದ್ರೆ ಮೆಣಸಿನ ಸಸಿ, ಗೊಬ್ಬರದ ಮೂಟೆ, ಸ್ಪ್ರೇಯರ್ ಎಲ್ಲಾ ಅದರಲ್ಲೇ. ತೋಟದ ಕೆಸರು ಚಕ್ರದ ಒಳಗೆಲ್ಲಾ ಮೆತ್ತಿಕೊಂಡು ಒಣಗಿರುತ್ತೆ.

ಹೋದ ಮಳೆಗಾಲ ಮುಗಿದ ಮೇಲೆ ಮುಂದಿನ ಎರಡೂ ಚಕ್ರಕ್ಕೆ ಹೊಸ ಪ್ಯಾಡ್ ಹಾಕಿಸಿದೆ. ಮುಂದಿನ ವಾರ ಸಸಿ ತುಂಬಿಕೊಂಡು, ಅಪ್ಪನನ್ನೂ ಕೂರಿಸಿಕೊಂಡು ಚಾರ್ಮಾಡಿ ಘಾಟಿ ಇಳಿಯೋದಿತ್ತು. ಆದರೆ ಬ್ರೇಕ್ ಒತ್ತಿದರೆ ಕಾರು ಸ್ವಲ್ಪ ಬಲಕ್ಕೆ ಎಳೆಯೋದು. ಚಕ್ರದ ಸಂದಿಯಿಂದ ಟಾರ್ಚ್ ಬಿಟ್ಟು ನೋಡಿದೆ. ಬಲಗಡೆ ಡಿಸ್ಕ್ ಪೂರ್ತಿ ಹೊಳೀತಿತ್ತು. ಎಡಗಡೆ ಎರಡು ಬೆರಳಗಲದ ಪಟ್ಟಿ ಮಾತ್ರ ಹೊಳಪು, ಉಳಿದದ್ದೆಲ್ಲಾ ತುಕ್ಕು. ಗ್ಯಾರೇಜಿನಲ್ಲಿ ಕೇಳಿದರೆ, "ಓಡ್ಸಿ ಸಾರ್, ತಾನಾಗೇ ಸೆಟ್ ಆಗುತ್ತೆ" ಅಂದರು.

ಆ ಮಾತು ಅರ್ಧ ನಿಜ. ಹಳೇ ಡಿಸ್ಕ್ ಸವೆದು ಗೀರು ಬಿದ್ದಿರುತ್ತೆ, ಅಂಚಿನಲ್ಲಿ ಒಂದು ದಿಣ್ಣೆ ಎದ್ದಿರುತ್ತೆ. ಹೊಸ ಪ್ಯಾಡ್ ಸಪಾಟಾಗಿರೋದ್ರಿಂದ ಮೊದಲು ಉಬ್ಬಿದ ಜಾಗಕ್ಕೆ ಮಾತ್ರ ತಾಗುತ್ತೆ. ಇಂಥದ್ದು ಓಡಿಸ್ತಾ ಓಡಿಸ್ತಾ ಸರಿಹೋಗುತ್ತೆ. ಆದರೆ ಒಂದು ಚಕ್ರ ಸರಿಯಿದ್ದು ಇನ್ನೊಂದು ಮಾತ್ರ ಹೀಗಿದ್ದರೆ, ಅದೂ ಕಾರು ಒಂದು ಕಡೆ ಎಳೀತಿದ್ದರೆ, ಕಾಯೋದು ಬೇಡ. ಬಿಚ್ಚಿಸಿ ನೋಡಿ.

ಬಿಚ್ಚಿದಾಗ ಮೊದಲು ಒಳಗಿನ ಪ್ಯಾಡು, ಹೊರಗಿನ ಪ್ಯಾಡು ಎರಡನ್ನೂ ಪಕ್ಕಪಕ್ಕ ಇಟ್ಟು ಫೋಟೋ ತಗೊಳ್ಳಿ. ಯಾವುದು ಎಲ್ಲಿ ಉಜ್ಜಿದೆ ಅನ್ನೋದರಲ್ಲೇ ಉತ್ತರ ಇರುತ್ತೆ. ನಮ್ಮ ಸಾಮಾನ್ಯ ಕಾರುಗಳ ಕ್ಯಾಲಿಪರ್‌ನಲ್ಲಿ ಪಿಸ್ಟನ್ ಒಂದೇ ಕಡೆ ಇರುತ್ತೆ. ಅದು ಒಳಗಿನ ಪ್ಯಾಡನ್ನು ನೇರವಾಗಿ ಒತ್ತುತ್ತೆ. ಆಮೇಲೆ ಇಡೀ ಕ್ಯಾಲಿಪರ್ ಎರಡು ಪಿನ್‌ಗಳ ಮೇಲೆ ಜಾರಿ ಹೊರಗಿನ ಪ್ಯಾಡನ್ನು ಎಳೆದು ಡಿಸ್ಕಿಗೆ ತಾಗಿಸುತ್ತೆ. ಹಾಗಾಗಿ ಎರಡೂ ಪ್ಯಾಡಿನ ಮೇಲೆ ಒಂದೇ ಥರದ ಗುರುತಿದ್ದರೆ ತೊಂದರೆ ಡಿಸ್ಕಿನ ಮೈಯಲ್ಲಿದೆ. ಒಳಗಿನದು ಚೆನ್ನಾಗಿ ಉಜ್ಜಿ ಹೊರಗಿನದು ಹಾಗೇ ಇದ್ದರೆ, ಪಿನ್ ಜಾಮ್ ಆಗಿರೋ ಸಾಧ್ಯತೆಯೇ ಹೆಚ್ಚು. ಒಂದು ಮೂಲೆ ಮಾತ್ರ ಉಜ್ಜಿದ್ದರೆ ಒಂದು ಪಿನ್ ಹಿಡಿದಿರಬೇಕು, ಇಲ್ಲಾ ಪ್ಯಾಡಿನ ಕಿವಿ ಕೂರೋ ಜಾಗದಲ್ಲಿ ತುಕ್ಕು ಕಟ್ಟಿರಬೇಕು. ಬ್ರೇಕ್ ಬಿಟ್ಟ ಮೇಲೂ ಚಕ್ರ ಬಿಗಿಯಾಗಿ ತಿರುಗಿದರೆ, ಓಡಿಸಿದ ಮೇಲೆ ಅದೊಂದೇ ಚಕ್ರ ಕಾದಿದ್ದರೆ, ಪಿಸ್ಟನ್ ವಾಪಸ್ ಹೋಗದೇ ಇರಬಹುದು. ಅದು ಮೆಕ್ಯಾನಿಕ್ ಕೆಲಸ, ಕೈ ಹಾಕಬೇಡಿ.

ನನ್ನ ಕಾರಲ್ಲಿ ಹೊರಗಿನ ಪ್ಯಾಡಿನ ಒಂದು ಮೂಲೆ ಮಾತ್ರ ತಾಗಿತ್ತು. ಕೆಳಗಿನ ಪಿನ್ ಕೈಯಲ್ಲಿ ಅಲ್ಲಾಡಿಸಿದರೆ ಅಲ್ಲಾಡಲೇ ಇಲ್ಲ. ಅದರ ರಬ್ಬರ್ ಬೂಟ್ ಹರಿದು, ಒಳಗೆ ತೋಟದ ಮಣ್ಣು ಗಟ್ಟಿಯಾಗಿ ಕೂತಿತ್ತು! ಪ್ಯಾಡ್ ಹಾಕಿದವರು ಅದನ್ನು ನೋಡೇ ಇರಲಿಲ್ಲ. ನಾನೂ ಪಕ್ಕದಲ್ಲಿ ನಿಂತು ಫೋನ್ ನೋಡ್ತಿದ್ದೆ ಅನ್ನಿ.

ಪಿನ್ ತೆಗೆದು, ಒರೆಸಿ, ಹೊಸ ಬೂಟ್ ಹಾಕಿ, ಬ್ರೇಕ್ ಪಿನ್‌ಗೆಂದೇ ಸಿಗೋ ಸಿಲಿಕೋನ್ ಗ್ರೀಸ್ ತೆಳುವಾಗಿ ಹಚ್ಚಿದೆವು. ಟ್ರ್ಯಾಕ್ಟರಿಗೆ ಹೊಡೆಯೋ ಗ್ರೀಸ್ ಇದಕ್ಕೆ ಬೇಡವೇ ಬೇಡ, ರಬ್ಬರ್ ಊದಿ ಮತ್ತೆ ಜಾಮ್ ಆಗುತ್ತೆ. ಪ್ಯಾಡಿನ ಮುಖಕ್ಕೋ ಡಿಸ್ಕಿಗೋ ಗ್ರೀಸ್ ಕೈ ತಾಗಿಸಬೇಡಿ. ಬ್ರೇಕ್ ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಕ್ಯಾಲಿಪರ್ ಅನ್ನು ಹೋಸ್ ಪೈಪಿನಲ್ಲಿ ನೇತಾಡಿಸದೆ ತಂತಿಯಿಂದ ಕಟ್ಟಿ. ಬರೀ ಜಾಕ್ ನಂಬಬೇಡಿ, ಸ್ಟ್ಯಾಂಡ್ ಕೊಡಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಡಿ.

ಡಿಸ್ಕಿನಲ್ಲಿ ಆಳವಾದ ಗೀರಿದ್ದರೆ ಲೇತಿಗೆ ಕೊಡೋ ಮೊದಲು ದಪ್ಪ ಅಳೆಸಿ. ಕನಿಷ್ಠ ದಪ್ಪ ಎಷ್ಟಿರಬೇಕು ಅಂತ ಸಾಮಾನ್ಯವಾಗಿ ಡಿಸ್ಕಿನ ಮೇಲೇ ಕೆತ್ತಿರುತ್ತೆ. ಅದಕ್ಕಿಂತ ಕಮ್ಮಿಯಾದರೆ ಎರಡೂ ಕಡೆ ಹೊಸದೇ ಹಾಕಿಸಬೇಕು.

ಎಲ್ಲಾ ಜೋಡಿಸಿದ ಮೇಲೆ ಗಾಡಿ ಚಲಾಯಿಸೋ ಮೊದಲು ಪೆಡಲ್ ಗಟ್ಟಿಯಾಗೋವರೆಗೂ ನಾಲ್ಕಾರು ಸಲ ಒತ್ತಿ. ಮರೆತರೆ ಮೊದಲ ಸಲ ಪೆಡಲ್ ಪೂರ್ತಿ ಕೆಳಗೆ ಹೋಗುತ್ತೆ, ಬ್ರೇಕ್ ಇರಲ್ಲ. ಆಮೇಲೆ ಖಾಲಿ ರಸ್ತೆಯಲ್ಲಿ 50 ಕಿ.ಮೀ. ವೇಗದಿಂದ 10ಕ್ಕೆ ನಿಧಾನವಾಗಿ ಇಳಿಸಿ. ಹೀಗೆ ಎಂಟ್ಹತ್ತು ಸಲ, ನಡುನಡುವೆ ಆರೋಕೆ ಬಿಟ್ಟು. ಬಿಸಿ ಇರುವಾಗ ನಿಂತು ಪೆಡಲ್ ಒತ್ತಿ ಹಿಡಿದರೆ ಪ್ಯಾಡಿನ ಅಚ್ಚು ಡಿಸ್ಕಿನ ಮೇಲೆ ಕೂರುತ್ತೆ, ಆಮೇಲೆ ಬ್ರೇಕ್ ಒತ್ತಿದಾಗೆಲ್ಲಾ ನಡುಗುತ್ತೆ.

ಎರಡು ದಿನದಲ್ಲಿ ಎಡಗಡೆ ಡಿಸ್ಕೂ ಪೂರ್ತಿ ಹೊಳೆಯಿತು. ಅಂಚಿನಲ್ಲಿ ದಾರದಷ್ಟು ತುಕ್ಕು ಉಳಿದಿದೆ. ಅಲ್ಲಿಗೆ ಪ್ಯಾಡ್ ತಲುಪೋದೇ ಇಲ್ಲ, ಚಿಂತೆ ಬೇಡ. ಚಾರ್ಮಾಡಿಯನ್ನು ಎರಡನೇ ಗೇರಲ್ಲೇ ಇಳಿದು, ಕೆಳಗೆ ಟೀ ಕುಡಿಯೋಕೆ ನಿಂತಾಗ ಎರಡೂ ಚಕ್ರದ ಹತ್ತಿರ ಕೈ ಹಿಡಿದು ನೋಡಿದೆ, ಮುಟ್ಟಲಿಲ್ಲ. ಎರಡೂ ಕಡೆ ಬಿಸಿ ಒಂದೇ ಸಮ ಇತ್ತು.