ಬದುಕಿದವರು, ಬಾಳಿದವರು

ಕೂಳೂರಿನಿಂದ ಕಾವೂರಿಗೆ ಬಂದು, ಮರವೂರಿನಲ್ಲಿ ಫಲ್ಗುಣಿ ಹೊಳೆ ದಾಟಿದರೆ ಬಜ್ಪೆ, ಅಲ್ಲೇ ವಿಮಾನ ನಿಲ್ದಾಣ. 2010ರ ಮೇ 22ರ ಬೆಳಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ರನ್‌ವೇ ಮೀರಿ ಪಕ್ಕದ ಕೆಂಜಾರಿನ ಕಣಿವೆಗೆ ಬಿತ್ತು. ಒಳಗಿದ್ದ 166 ಮಂದಿಯಲ್ಲಿ 158 ಮಂದಿ ತೀರಿಕೊಂಡರು, ಎಂಟು ಮಂದಿ ಬದುಕಿದರು. ಇಲ್ಲಿ ‘ಎಂಟು ಮಂದಿ ಬಾಳಿದರು’ ಎಂದು ಯಾವ ಪತ್ರಿಕೆಯೂ ಬರೆಯಲಾರದು. ನಿಘಂಟಿನಲ್ಲಿ ಎರಡಕ್ಕೂ ‘ಜೀವಿಸು’ ಎಂಬ ಅರ್ಥ ಇದ್ದರೂ ಅಷ್ಟೇ.

‘ಬದುಕು’ ಎನ್ನುವಾಗ ಎದುರಿಗೆ ಸಾವು ನಿಂತಿರುತ್ತದೆ. ಜ್ವರ ಬಂದವನು ಬದುಕಿಕೊಳ್ಳುತ್ತಾನೆ. ನೆಟ್ಟ ಹತ್ತು ಅಡಿಕೆ ಸಸಿಗಳಲ್ಲಿ ಮೂರು ಬದುಕುತ್ತವೆ. ತಪ್ಪಿಸಿಕೊಂಡು ಬಂದವನ ಉಸಿರು ‘ಬದುಕಿದೆಯಾ ಬಡಜೀವವೇ’ ಎನ್ನುತ್ತದೆ. ‘ಉಳಿ’ ಸೇರಿ ‘ಬದುಕುಳಿ’ ಆಗುವುದೂ ಅದಕ್ಕೇ. ‘ಬಾಳುಳಿ’ ಎಂಬ ಮಾತಿಲ್ಲ.

‘ಬಾಳು’ ಹಳಗನ್ನಡದ ಬಾೞ್, ತಮಿಳಿನ ವಾೞ್ ಇದರ ಒಡಹುಟ್ಟು. ಇದಕ್ಕೆ ಸಾವಿನ ಗೊಡವೆ ಕಡಿಮೆ, ಕಾಲದ ಲೆಕ್ಕ ಹೆಚ್ಚು. ‘ನೂರ್ಕಾಲ ಬಾಳಿ’ ಎಂದು ಹರಸುತ್ತೇವೆ. ಜೊತೆಗೂಡಿ ಇರುವುದು ಸಹಬಾಳ್ವೆ. ಜೀವವಿಲ್ಲದ್ದೂ ಬಾಳುತ್ತದೆ, ಆದರೆ ಬದುಕುವುದಿಲ್ಲ. ಮಳೆಗಾಲದ ಮೊದಲು ಕಾವೂರಿನ ಅಂಗಡಿಯಲ್ಲಿ ಕೊಡೆ ಬಿಡಿಸಿ ನೋಡುವವರು ಕೇಳುವುದು ‘ಇದು ಎಷ್ಟು ಬಾಳಿಕೆ ಬರ್ತದೆ ಮಾರಾಯ್ರೆ?’ ಎಂದು. 2021ರ ಜೂನ್‌ನಲ್ಲಿ ಮರವೂರಿನ ಸೇತುವೆ ತಗ್ಗಿ ಸಂಚಾರ ನಿಂತು ಹೋಯಿತು, ದುರಸ್ತಿಯಾದ ಮೇಲೆ ಮತ್ತೆ ತೆರೆಯಿತು. ಆ ಸೇತುವೆಯನ್ನು ಕುರಿತೂ ‘ಇನ್ನೆಷ್ಟು ವರ್ಷ ಬಾಳೀತು’ ಎನ್ನಬಹುದು, ‘ಬದುಕೀತು’ ಎಂದರೆ ನಗೆಪಾಟಲು. ಬಾಳುವುದರ ಇನ್ನೊಂದು ಮುಖ ಮೌಲ್ಯ: ಬೆಲೆಬಾಳುವ ಒಡವೆ, ಹತ್ತು ಸಾವಿರ ಬಾಳುವ ಹಸು.

ಪ್ರೇರಣಾರ್ಥಕದಲ್ಲಿ ಅಂತರ ಇನ್ನೂ ಹರಿತ. ವೈದ್ಯರು ರೋಗಿಯನ್ನು ಬದುಕಿಸುತ್ತಾರೆ. ‘ಅವನು ಹೆಂಡತಿಯನ್ನು ಬಾಳಿಸಲಿಲ್ಲ’ ಎಂದರೆ ಅವಳು ಸತ್ತಳು ಎಂದಲ್ಲ, ತವರಿಗೆ ಮರಳಬೇಕಾಯಿತು ಎಂದು. ಬಡ ಹುಡುಗಿಯನ್ನೋ ವಿಧವೆಯನ್ನೋ ಮದುವೆಯಾದವನು ಅವಳಿಗೆ ‘ಬಾಳು ಕೊಟ್ಟ’ ಎನ್ನುವುದೂ ಇದೇ ಬಳಗದ ಮಾತು. ಅದುವರೆಗೆ ಅವಳು ಬದುಕಿದ್ದು ಲೆಕ್ಕಕ್ಕೇ ಇಲ್ಲ ಎಂಬ ಧಿಮಾಕು ಅದರಲ್ಲಿರುವುದರಿಂದ ನನಗೆ ಆ ನುಡಿಗಟ್ಟು ಹಿಡಿಸುವುದಿಲ್ಲ.

ನಾಮಪದವಾದಾಗ ಈ ಗಡಿ ಸಡಿಲ. ‘ನನ್ನ ಬದುಕು’, ‘ನನ್ನ ಬಾಳು’ ಎರಡೂ ನಡೆಯುತ್ತವೆ. ಆದರೂ ‘ಬದುಕು ಸಾಗಿಸುವುದು’ ದುಡಿಮೆಯ ಕಡೆಗೆ, ಹೊಟ್ಟೆಯ ಕಡೆಗೆ ವಾಲುತ್ತದೆ. ಹಾಗೆಯೇ ಸಂಗಾತಿಗೆ ‘ಬಾಳಸಂಗಾತಿ’ ಎನ್ನುವಷ್ಟು ಸಲೀಸಾಗಿ ‘ಬದುಕುಸಂಗಾತಿ’ ಎನ್ನಲು ನಾಲಗೆ ಒಪ್ಪದು.

ಎರಡೂ ಕ್ರಿಯಾಪದಗಳು ಕೂಡಿ ಬರುವ ಜಾಗವೂ ಇದೆ. ಹಳೆಯ ಅನುಕೂಲಸ್ಥರ ಮನೆತನವನ್ನು ‘ಬಾಳಿ ಬದುಕಿದ ಮನೆ’ ಎನ್ನುತ್ತಾರೆ. ಚಿಕ್ಕ ವಯಸ್ಸಿನವರು ತೀರಿಕೊಂಡಾಗ ನೆರೆಯವರ ಬಾಯಲ್ಲಿ ಬರುವುದೂ ಇದೇ ಜೋಡಿ: ‘ಬಾಳಿ ಬದುಕಬೇಕಾದ ಹುಡುಗ.’