ಹೊರದೇಶದ ಮನೆಗೆ ಊರಿನ ಮಗು: ದತ್ತು ಪಡೆಯುವುದು ಹೇಗೆ?

ಅಮೆರಿಕ, ಕೆನಡಾ ಅಥವಾ ದುಬೈಯಲ್ಲಿ ನೆಲೆಸಿರುವ ಕನ್ನಡದ ದಂಪತಿಗಳು ಭಾರತದಿಂದ ಮಗುವನ್ನು ದತ್ತು ಪಡೆಯಲು ಯೋಚಿಸಿದಾಗ ಮೊದಲು ಬರುವ ಪ್ರಶ್ನೆ ಇದು: "ಊರಿನಲ್ಲಿ ನಮಗೆ ಗೊತ್ತಿರುವ ಒಂದು ಅನಾಥಾಲಯವಿದೆ. ರಜೆಯಲ್ಲಿ ಬಂದು, ಮಗುವನ್ನು ನೋಡಿ, ಕಾಗದಪತ್ರ ಮಾಡಿಸಿ ಕರೆದುಕೊಂಡು ಹೋಗಬಹುದೇ?"

ಆಗುವುದಿಲ್ಲ. ಅನಾಥಾಲಯದವರಿಗಾಗಲಿ, ಆಸ್ಪತ್ರೆಯವರಿಗಾಗಲಿ, ವಕೀಲರಿಗಾಗಲಿ ಮಗುವನ್ನು ನೇರವಾಗಿ ಕೈಗೆ ಕೊಡುವ ಅಧಿಕಾರವಿಲ್ಲ. ಯಾರಾದರೂ ಕೊಡುತ್ತೇನೆಂದರೆ ಅಲ್ಲಿಂದ ಎದ್ದು ಬನ್ನಿ. ಕ್ರಮ ತಪ್ಪಿಸಿ ಮಗುವನ್ನು ಕೊಡುವುದೂ ಪಡೆಯುವುದೂ ಬಾಲನ್ಯಾಯ ಕಾಯ್ದೆಯಡಿ ಅಪರಾಧ. ಮೂರು ವರ್ಷದವರೆಗೆ ಜೈಲು ಶಿಕ್ಷೆಯಾಗಬಹುದು.

ಇಷ್ಟು ಬಿಗಿ ಯಾಕೆ ಎಂದು ಬೇಸರಪಡುವವರಿದ್ದಾರೆ. ಈ ಬಿಗಿಗೆ ಕಾರಣವಿದೆ. ಭಾರತದ ಮಕ್ಕಳನ್ನು ಖಾಸಗಿ ಸಂಸ್ಥೆಗಳು ಹೊರದೇಶಕ್ಕೆ ಕಳಿಸುವ ಕ್ರಮದಲ್ಲಿ ಅಕ್ರಮಗಳಿವೆ ಎಂದು ಲಕ್ಷ್ಮೀಕಾಂತ ಪಾಂಡೆ ಎಂಬ ವಕೀಲರು 1982ರಲ್ಲಿ ಸುಪ್ರೀಂ ಕೋರ್ಟಿಗೆ ಪತ್ರ ಬರೆದರು. ಆ ಪತ್ರವೇ ಅರ್ಜಿಯಾಯಿತು. 1984ರ ತೀರ್ಪಿನಲ್ಲಿ ನ್ಯಾಯಮೂರ್ತಿ ಪಿ.ಎನ್. ಭಗವತಿಯವರು ವಿವರವಾದ ನಿಯಮಗಳನ್ನು ಹಾಕಿಕೊಟ್ಟರು. ಅದರ ಮುಂದುವರಿಕೆಯಾಗಿ 1990ರಲ್ಲಿ 'ಕಾರಾ', ಅಂದರೆ ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರ ಹುಟ್ಟಿತು. ದೇಶ ದೇಶಗಳ ನಡುವಿನ ದತ್ತು ಕುರಿತ ಹೇಗ್ ಒಪ್ಪಂದವನ್ನು ಭಾರತ 2003ರಲ್ಲಿ ಅನುಮೋದಿಸಿತು. ಈ ಎಚ್ಚರ ಅತಿಯಾಯಿತು ಎನ್ನುವವರು ದಕ್ಷಿಣ ಕೊರಿಯಾದ ಕಡೆ ನೋಡಬೇಕು. ಅಪ್ಪ ಅಮ್ಮ ಬದುಕಿದ್ದ ಮಕ್ಕಳನ್ನೂ ಅನಾಥರೆಂದು ಬರೆದು ಹೊರಗೆ ಕಳಿಸಿದ್ದನ್ನು ಅಲ್ಲಿನ ಸತ್ಯಶೋಧನಾ ಆಯೋಗವೇ 2025ರಲ್ಲಿ ಒಪ್ಪಿಕೊಂಡಿತು. ಆ ಮಕ್ಕಳು ಈಗ ನಡುವಯಸ್ಸಿನವರಾಗಿ ತಮ್ಮ ಹೆತ್ತವರನ್ನು ಹುಡುಕುತ್ತಿದ್ದಾರೆ.

ಈಗ ದಾರಿ ಹೇಗಿದೆ ನೋಡೋಣ. ಹೊರದೇಶದಲ್ಲಿರುವವರು ತಾವಿರುವ ದೇಶದಲ್ಲೇ ಆರಂಭಿಸಬೇಕು. ಕಾರಾ ಮಾನ್ಯತೆ ನೀಡಿದ ಅಲ್ಲಿನ ದತ್ತು ಏಜೆನ್ಸಿ, ಇಲ್ಲವೇ ಆ ದೇಶದ ಸರ್ಕಾರಿ ದತ್ತು ಪ್ರಾಧಿಕಾರ ನಿಮ್ಮ ಹೆಸರನ್ನು ನೋಂದಾಯಿಸುತ್ತದೆ. ಇವೆರಡೂ ಇಲ್ಲದ ಕಡೆ ಭಾರತದ ಪೌರರು ಭಾರತೀಯ ರಾಯಭಾರ ಕಚೇರಿಯ ಮೂಲಕ ಹೋಗಬಹುದು. ಕೊಲ್ಲಿ ದೇಶಗಳಲ್ಲಿ ದುಡಿಯುವ ಮಂಗಳೂರು, ಉಡುಪಿ ಕಡೆಯವರು ಇದನ್ನು ಗಮನಿಸಬೇಕು. ನಂತರ ಸಮಾಜ ಕಾರ್ಯಕರ್ತರು ಮನೆಗೆ ಬಂದು ನಿಮ್ಮ ಆದಾಯ, ಆರೋಗ್ಯ, ದಾಂಪತ್ಯ, ಮನಸ್ಸಿನ ಸಿದ್ಧತೆ ಎಲ್ಲವನ್ನೂ ವಿಚಾರಿಸಿ ವರದಿ ಬರೆಯುತ್ತಾರೆ. ಇದಕ್ಕೆ ಹೋಮ್ ಸ್ಟಡಿ ಎನ್ನುತ್ತಾರೆ, ಅಂದರೆ ಗೃಹ ಅಧ್ಯಯನ. ಈ ವರದಿ ಕಾರಾದ 'ಕೇರಿಂಗ್ಸ್' ಎಂಬ ಆನ್‌ಲೈನ್ ವ್ಯವಸ್ಥೆಗೆ ಸೇರುತ್ತದೆ. ಸರದಿ ಬಂದಾಗ ಮಗುವಿನ ಫೋಟೊ, ಹಿನ್ನೆಲೆಯ ವರದಿ ಮತ್ತು ವೈದ್ಯಕೀಯ ವರದಿ ನಿಮಗೆ ಬರುತ್ತವೆ. ಮಗುವನ್ನು ಕಾಯ್ದಿರಿಸಲು 96 ಗಂಟೆಗಳ ಕಾಲಾವಕಾಶವಿದೆ. ಆ ಗಂಟೆಗಳಲ್ಲಿ ವರದಿಯನ್ನು ನಿಮ್ಮದೇ ಮಕ್ಕಳ ವೈದ್ಯರಿಗೆ ತೋರಿಸಿ. ಹಾಗಾಗಿ ವೈದ್ಯರನ್ನು ಮೊದಲೇ ಗೊತ್ತು ಮಾಡಿಕೊಂಡಿರುವುದು ಒಳ್ಳೆಯದು.

ಒಪ್ಪಿದ ಮೇಲೆ ಕಾರಾದ ನಿರಾಕ್ಷೇಪಣಾ ಪತ್ರ ಬರುತ್ತದೆ. ದತ್ತು ಆದೇಶ ಹೊರಡಿಸುವವರು ಜಿಲ್ಲಾಧಿಕಾರಿ. 2022ರ ಸೆಪ್ಟೆಂಬರ್‌ಗೆ ಮೊದಲು ಇದು ನ್ಯಾಯಾಲಯದ ಕೆಲಸವಾಗಿತ್ತು. ಆಮೇಲೆ ದತ್ತು ಹೇಗ್ ಒಪ್ಪಂದದಂತೆ ನಡೆದಿದೆ ಎಂಬ ದೃಢೀಕರಣ ಪತ್ರ, ಜನನ ಪ್ರಮಾಣಪತ್ರ, ಪಾಸ್‌ಪೋರ್ಟ್, ವೀಸಾ.

"ನಮಗೆ ಹಸುಗೂಸು ಸಿಗುತ್ತದೆಯೇ?" ಎಂಬುದು ಮುಂದಿನ ಪ್ರಶ್ನೆ. ಎನ್‌ಆರ್‌ಐ, ಅಂದರೆ ಭಾರತದ ಪೌರತ್ವ ಉಳಿಸಿಕೊಂಡು ಹೊರಗಿರುವವರು, ಇಲ್ಲಿರುವವರ ಜೊತೆ ಸಮಾನ ಸರದಿಯಲ್ಲಿ ನಿಲ್ಲುತ್ತಾರೆ. ಒಸಿಐ ಕಾರ್ಡ್ ಇರುವವರು, ಅಂದರೆ ಬೇರೆ ದೇಶದ ಪೌರತ್ವ ಪಡೆದ ಭಾರತ ಮೂಲದವರು, ನಂತರ ಬರುತ್ತಾರೆ. ಮಗು ಕಾನೂನಿನ ಪ್ರಕಾರ ದತ್ತಿಗೆ ಮುಕ್ತ ಎಂದು ಮಕ್ಕಳ ಕಲ್ಯಾಣ ಸಮಿತಿ ಘೋಷಿಸಿದ 60 ದಿನಗಳಲ್ಲಿ ಭಾರತದ ಅಥವಾ ಎನ್‌ಆರ್‌ಐ ಕುಟುಂಬ ಸಿಗದಿದ್ದರೆ ಮಾತ್ರ ಆ ಮಗು ಅವರತ್ತ ಬರುತ್ತದೆ. ಐದು ವರ್ಷ ದಾಟಿದವರು, ಅಂಗವೈಕಲ್ಯವಿರುವವರು, ಒಡಹುಟ್ಟಿದವರ ಜೊತೆ ಇರುವವರು: ಹೊರದೇಶದ ದತ್ತಿನಲ್ಲಿ ಕಾನೂನು ಈ ಮಕ್ಕಳಿಗೇ ಆದ್ಯತೆ ಕೊಟ್ಟಿದೆ. ಇಲ್ಲಿ ಮನೆ ಸಿಗದೆ ಉಳಿಯುವವರು ಹೆಚ್ಚಾಗಿ ಇವರೇ. ಇದು ಸರಿಯಾದ ನಿಯಮ ಎಂದೇ ನನ್ನ ನಂಬಿಕೆ. ಮಗುವಿಗೆ ಮನೆ ಹುಡುಕುವುದು ಮೊದಲ ಕೆಲಸ, ಮನೆಗೆ ಮಗು ಹುಡುಕುವುದು ಆಮೇಲಿನದು. ಐದು ದಾಟಿದ ಮಗುವಿನ ಒಪ್ಪಿಗೆಯನ್ನೂ ಕೇಳುತ್ತಾರೆ.

ವಯಸ್ಸಿನ ಮಿತಿಯೂ ಇದೆ. ಎರಡು ವರ್ಷದೊಳಗಿನ ಮಗುವಿಗೆ ದಂಪತಿಯ ಒಟ್ಟು ವಯಸ್ಸು 85 ಮೀರಬಾರದು. ಮಗು ದೊಡ್ಡದಾದಂತೆ ಈ ಮಿತಿ ಏರುತ್ತದೆ. ಮದುವೆಯಾಗಿ ಎರಡು ವರ್ಷವಾಗಿರಬೇಕು. ಒಂಟಿ ಮಹಿಳೆ ಯಾವ ಮಗುವನ್ನಾದರೂ ಪಡೆಯಬಹುದು, ಒಂಟಿ ಪುರುಷ ಹೆಣ್ಣುಮಗುವನ್ನು ಪಡೆಯುವಂತಿಲ್ಲ.

ಅಮೆರಿಕದಲ್ಲಿರುವವರು ಒಂದು ವಿಷಯವನ್ನು ಎಲ್ಲಕ್ಕಿಂತ ಮೊದಲು ತಿಳಿದುಕೊಳ್ಳಬೇಕು. ಹೇಗ್ ದಾರಿಯ ಐ-800ಎ ಅರ್ಜಿಯನ್ನು ಅಮೆರಿಕದ ಪೌರರು ಮಾತ್ರ ಹಾಕಬಹುದು. ದಂಪತಿಯಲ್ಲಿ ಒಬ್ಬರಾದರೂ ಪೌರರಾಗಿರಬೇಕು. ಗ್ರೀನ್ ಕಾರ್ಡ್ ಅಥವಾ ಎಚ್-1ಬಿ ಇರುವವರಿಗೆ ಈ ಬಾಗಿಲು ತೆರೆದಿಲ್ಲ. ಬೇರೆ ದಾರಿಯಲ್ಲಿ ಮಗು ಎರಡು ವರ್ಷ ನಿಮ್ಮ ವಶದಲ್ಲಿದ್ದು ನಿಮ್ಮೊಡನೆ ಬಾಳಿರಬೇಕು ಎಂಬ ಷರತ್ತು ಎದುರಾಗುತ್ತದೆ. ಭಾರತದಲ್ಲಿ ದತ್ತು ಮುಗಿದು, ಮಗುವಿಗೆ ವೀಸಾ ಇಲ್ಲದೆ ತಾಯಿ ಇಲ್ಲಿ, ತಂದೆ ಅಲ್ಲಿ ಎಂಬಂತಾಗಬಾರದು. ನೋಂದಾಯಿಸುವ ಮೊದಲೇ ವಲಸೆ ವಕೀಲರನ್ನು ಕಾಣಿರಿ. ಊರಿನಲ್ಲಿರುವ ಅಣ್ಣನ ಮಗುವನ್ನೋ ತಂಗಿಯ ಮಗುವನ್ನೋ ದತ್ತು ಪಡೆಯುವವರಿಗೂ ಇದೇ ಮಾತು. ದತ್ತು ಪತ್ರ ನೋಂದಣಿಯಾದರೆ ಸಾಲದು, ಹೊರದೇಶಕ್ಕೆ ಕರೆದೊಯ್ಯಲು ಕಾರಾದ ನಿರಾಕ್ಷೇಪಣಾ ಪತ್ರ ಬೇಕು.

ಕಾಗದದ ಕೆಲಸ ದೀರ್ಘ, ಆದರೆ ಅದನ್ನು ಮಾಡಿಸುವವರಿದ್ದಾರೆ. ದೊಡ್ಡ ಮಗುವನ್ನು ಕರೆತಂದ ಕುಟುಂಬಗಳು ಕಷ್ಟವಾಯಿತು ಎನ್ನುವುದು ಮನೆಗೆ ಬಂದ ಮೇಲಿನ ತಿಂಗಳುಗಳನ್ನು. ಮಗು ಅನ್ನವನ್ನು ದಿಂಬಿನ ಕೆಳಗೆ ಬಚ್ಚಿಡಬಹುದು. ಹತ್ತು ಮಕ್ಕಳ ಜೊತೆ ಮಲಗಿ ಅಭ್ಯಾಸವಾದ ಮಗು ಅಂದವಾಗಿ ಅಲಂಕರಿಸಿದ ಒಂಟಿ ಕೋಣೆಗೆ ಹೆದರಬಹುದು. ಬಂದ ವಾರ ನಗುತ್ತಾ ಹೇಳಿದ್ದನ್ನೆಲ್ಲ ಕೇಳಿ, ಎರಡು ತಿಂಗಳ ಬಳಿಕ ಸಿಟ್ಟು, ಹಟ, ಅಳು ಶುರುವಾಗಬಹುದು. ಇಲ್ಲಿ ಅತ್ತರೂ ಯಾರೂ ಬಿಟ್ಟುಹೋಗುವುದಿಲ್ಲ ಎಂಬ ಧೈರ್ಯ ಬಂದ ಮೇಲೆಯೇ ಎಷ್ಟೋ ಮಕ್ಕಳು ಅಳುವುದು. ಊಟ ಬಚ್ಚಿಟ್ಟಿದ್ದಕ್ಕೆ ಗದರಬೇಡಿ. ಕೈಗೆಟಕುವ ಡಬ್ಬಿಯಲ್ಲಿ ತಿಂಡಿ ಇಟ್ಟು, ಯಾವಾಗ ಬೇಕಾದರೂ ತೆಗೆದುಕೋ ಎನ್ನಿ. ಮೊದಲ ಕೆಲವು ತಿಂಗಳು ನಿಮ್ಮ ಹಾಸಿಗೆಯ ಪಕ್ಕದಲ್ಲೇ ಮಲಗಿಸಿಕೊಳ್ಳಿ. ಬಂಧುಗಳನ್ನೆಲ್ಲ ಕರೆದು ದೊಡ್ಡ ಸಮಾರಂಭ ಮಾಡುವ ಆಸೆ ಸಹಜ. ಅದನ್ನು ಆರು ತಿಂಗಳು ಮುಂದೂಡಿ. ಉಣಿಸುವುದು, ಎತ್ತಿಕೊಳ್ಳುವುದು, ಸಮಾಧಾನಪಡಿಸುವುದು ಅಷ್ಟು ಕಾಲ ಅಪ್ಪ ಅಮ್ಮನ ಕೈಯಲ್ಲೇ ಇರಲಿ.

"ನಾವೂ ಭಾರತದವರೇ, ಭಾಷೆಯ ತೊಂದರೆ ಇಲ್ಲ" ಎಂದುಕೊಳ್ಳಬೇಡಿ. ಮಗು ಒಡಿಯಾ ಮಾತಾಡುವುದಿರಬಹುದು, ಮರಾಠಿ ಮಾತಾಡುವುದಿರಬಹುದು. ಹಸಿವು, ನೋವು, ಭಯ, ಕಕ್ಕಸು, ನಿದ್ದೆ: ಇವಕ್ಕೆ ಅದರ ಭಾಷೆಯ ಮಾತುಗಳನ್ನು ಕಲಿತೇ ಭೇಟಿಗೆ ಹೋಗಿ. ಮಗುವಿನ ಹೆಸರನ್ನು ಬದಲಿಸುವ ಮುನ್ನ ಎರಡು ಸಲ ಯೋಚಿಸಿ. ಅದು ತನ್ನದೆಂದು ತಂದಿರುವ ವಸ್ತು ಬಹುಶಃ ಅದೊಂದೇ.

ಬೆಳವಣಿಗೆಯ ಬಗ್ಗೆ ಭಯವಿದ್ದರೆ, ಬ್ರಿಟನ್ನಿನ ಮನೋವೈದ್ಯ ಮೈಕಲ್ ರಟ್ಟರ್ ಮತ್ತು ಸಂಗಡಿಗರ ಅಧ್ಯಯನ ನೆರವಾಗುತ್ತದೆ. ರುಮೇನಿಯಾದಲ್ಲಿ 1989ರಲ್ಲಿ ಚೌಷೆಸ್ಕು ಆಡಳಿತ ಕುಸಿದ ಮೇಲೆ ಅಲ್ಲಿನ ಅನಾಥಾಲಯಗಳಿಂದ ಬ್ರಿಟನ್ನಿನ ಮನೆಗಳಿಗೆ ಬಂದ ಮಕ್ಕಳನ್ನು ಅವರು ದೊಡ್ಡವರಾಗುವವರೆಗೆ ಗಮನಿಸಿದರು. ಆರು ತಿಂಗಳೊಳಗೆ ಹೊರಬಂದವರು ಬಹುಮಟ್ಟಿಗೆ ಚೇತರಿಸಿಕೊಂಡರು. ಹೆಚ್ಚು ಕಾಲ ಅಲ್ಲಿದ್ದವರಲ್ಲಿ ಹಲವರಿಗೆ ಗಮನ ಮತ್ತು ಸಂಬಂಧಗಳ ತೊಡಕು ಉಳಿಯಿತು. ಆದರೂ ಅವರಲ್ಲಿ ಕೆಲವರು ಯಾವ ತೊಂದರೆಯೂ ಇಲ್ಲದೆ ಬೆಳೆದರು. ರುಮೇನಿಯಾದ ಆ ಅನಾಥಾಲಯಗಳ ಘೋರ ಸ್ಥಿತಿ ಎಲ್ಲ ಕಡೆ ಇರುವುದಿಲ್ಲ. ಆದರೆ ಪ್ರೀತಿಯ ಜೊತೆಗೆ ವಾಕ್ ಚಿಕಿತ್ಸೆ, ಮಕ್ಕಳ ಮನಶ್ಶಾಸ್ತ್ರಜ್ಞರ ನೆರವು ಬೇಕಾಗಬಹುದು ಎಂದು ಸಿದ್ಧರಾಗಿರಿ. ದತ್ತು ನಂತರ ಎರಡು ವರ್ಷ ಸಮಾಜ ಕಾರ್ಯಕರ್ತರು ಮನೆಗೆ ಬರುತ್ತಾರೆ, ಮೊದಲ ವರ್ಷ ಮೂರು ತಿಂಗಳಿಗೊಮ್ಮೆ, ಎರಡನೆಯ ವರ್ಷ ಆರು ತಿಂಗಳಿಗೊಮ್ಮೆ. ಅದನ್ನು ತಪಾಸಣೆ ಎಂದುಕೊಂಡು ಕಷ್ಟಗಳನ್ನು ಮುಚ್ಚಿಡಬೇಡಿ.

ಖರ್ಚಿನ ಮಾತು. ಮಗುವನ್ನು ಸಾಕಿದ ವಿಶೇಷ ದತ್ತು ಸಂಸ್ಥೆಗೆ ಹೊರದೇಶದ ದತ್ತಿನಲ್ಲಿ ನಿಗದಿಯಾದ ಶುಲ್ಕ 5,000 ಡಾಲರ್. ದೇಣಿಗೆಯ ಹೆಸರಿನಲ್ಲಿ ಮೇಲೆ ಏನೂ ಕೊಡಬೇಕಿಲ್ಲ, ಕೊಡಲೂಬಾರದು. ನಿಮ್ಮ ದೇಶದ ಏಜೆನ್ಸಿಯ ಶುಲ್ಕ, ಗೃಹ ಅಧ್ಯಯನ, ವೀಸಾ, ಪ್ರಯಾಣದ ಖರ್ಚು ಬೇರೆ. ಏಜೆನ್ಸಿಯಿಂದ ಏಜೆನ್ಸಿಗೆ ಈ ಮೊತ್ತ ಬದಲಾಗುವುದರಿಂದ ಪೂರ್ತಿ ಪಟ್ಟಿಯನ್ನು ಬರಹದಲ್ಲಿ ಪಡೆಯಿರಿ. ಅಮೆರಿಕದಲ್ಲಿ ಫೆಡರಲ್ ತೆರಿಗೆ ರಿಯಾಯಿತಿ ಇದೆ. 2025ರ ತೆರಿಗೆ ವರ್ಷಕ್ಕೆ ಒಂದು ಮಗುವಿಗೆ ಗರಿಷ್ಠ 17,280 ಡಾಲರ್.

ಮಾನ್ಯತೆ ಪಡೆದ ವಿದೇಶಿ ಏಜೆನ್ಸಿಗಳ ಪಟ್ಟಿ ಕಾರಾದ ಅಧಿಕೃತ ಜಾಲತಾಣದಲ್ಲಿದೆ. ಕೆನಡಾದವರು ತಮ್ಮ ಪ್ರಾಂತ್ಯದ ದತ್ತು ಪ್ರಾಧಿಕಾರವನ್ನು ವಿಚಾರಿಸಬೇಕು. ಕರ್ನಾಟಕದಲ್ಲಿ ರಾಜ್ಯ ದತ್ತು ಸಂಪನ್ಮೂಲ ಸಂಸ್ಥೆ ಬೆಂಗಳೂರಿನಲ್ಲಿದೆ, ಪ್ರತಿ ಜಿಲ್ಲೆಯಲ್ಲಿ ಮಕ್ಕಳ ರಕ್ಷಣಾ ಘಟಕವಿದೆ. ಏಜೆನ್ಸಿಗೆ ಮೊದಲ ಕರೆ ಮಾಡಿದಾಗ ಎಷ್ಟು ಕಾಯಬೇಕು, ಎಷ್ಟು ಖರ್ಚು ಎಂದಷ್ಟೇ ಕೇಳಿ ಮುಗಿಸಬೇಡಿ. ಮಗು ಬಂದ ಮೇಲೆ ಕಷ್ಟವಾದರೆ ನಾವು ಯಾರಿಗೆ ಫೋನ್ ಮಾಡಬೇಕು, ಅವರು ಎಷ್ಟು ವರ್ಷ ಜೊತೆಗಿರುತ್ತಾರೆ ಎಂದೂ ಕೇಳಿ. ಇದಕ್ಕೆ ಸ್ಪಷ್ಟ ಉತ್ತರ ಕೊಡದವರನ್ನು ಬಿಟ್ಟು ಪಟ್ಟಿಯಲ್ಲಿರುವ ಮುಂದಿನ ಏಜೆನ್ಸಿಗೆ ಕರೆ ಮಾಡಿ.