ಕೊಟ್ಟಿಗೆಯ ಪೂಜೆಗೆ ಹೊಗೆ ಬೇಡ, ಘಾಟು ಬೇಡ

ಒಕ್ಕಲುತನದ ಮನೆಯಲ್ಲಿ ದನಕರುಗಳನ್ನು ಬಿಟ್ಟು ಹಬ್ಬವಿಲ್ಲ. ಜ್ಯೇಷ್ಠ ಮಾಸದ ಕಾರಹುಣ್ಣಿಮೆಗೆ ಎತ್ತುಗಳ ಮೈ ತೊಳೆದು, ಕೋಡಿಗೆ ಬಣ್ಣ ಬಳಿದು, ಕೊರಳಿಗೆ ಗೆಜ್ಜೆಸರ ಕಟ್ಟಿ ಮೆರೆಸುತ್ತೇವೆ. ಹದಿನೈದು ದಿನ ಕಳೆದರೆ ಮಣ್ಣೆತ್ತಿನ ಅಮಾವಾಸ್ಯೆ. ದೀಪಾವಳಿಯ ಪಾಡ್ಯದಂದು ಕೊಟ್ಟಿಗೆಯಲ್ಲೇ ಪೂಜೆ. ಮಲ್ಲಟ, ಮಾನ್ವಿ, ದೇವದುರ್ಗದ ಸೀಮೆಯಲ್ಲಿ ಈ ಆಚರಣೆಗಳು ಇಂದಿಗೂ ಶ್ರದ್ಧೆಯಿಂದ ನಡೆಯುತ್ತಿವೆ. ಇವು ನಿಲ್ಲಬೇಕೆಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ಪೂಜೆಗೊಳ್ಳುವ ಪ್ರಾಣಿಗೇ ಪೂಜೆಯಿಂದ ತೊಂದರೆಯಾಗದಂತೆ ನೋಡಿಕೊಳ್ಳುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಪೂಜೆಯ ಹೊತ್ತಿನಲ್ಲಿ ಊದಿನಕಡ್ಡಿ ಹಚ್ಚುತ್ತೇವೆ, ಕರ್ಪೂರ ಬೆಳಗುತ್ತೇವೆ, ಕೆಂಡದ ಮೇಲೆ ಲೋಬಾನ ಹಾಕುತ್ತೇವೆ. ದೃಷ್ಟಿ ತೆಗೆಯಲು ಉಪ್ಪು ಮೆಣಸಿನಕಾಯಿಯನ್ನು ಒಲೆಗೆ ಎಸೆಯುತ್ತೇವೆ. ಘಾಟು ಹೆಚ್ಚಾದರೆ ಮನುಷ್ಯ ಎದ್ದು ಹೊರಗೆ ಹೋಗುತ್ತಾನೆ. ಗೂಟಕ್ಕೆ ಕಟ್ಟಿದ ಎತ್ತು, ಬುಟ್ಟಿಯಡಿ ಮುಚ್ಚಿದ ಕೋಳಿ, ದೊಡ್ಡಿಯಲ್ಲಿ ಕೂಡಿದ ಕುರಿಮರಿ ಎಲ್ಲಿಗೆ ಹೋಗಬೇಕು? ಮಾತಿನ ತಿರುಳು ಇಷ್ಟೇ.

ಹೊಗೆಯಲ್ಲಿ ಏನಿದೆ?

ಊದಿನಕಡ್ಡಿ ಎಂದರೆ ಇದ್ದಿಲು ಅಥವಾ ಕಟ್ಟಿಗೆಯ ಪುಡಿ, ಅಂಟು ಮತ್ತು ಸುಗಂಧದ ಎಣ್ಣೆ. ಇದು ಉರಿಯುವುದಿಲ್ಲ, ಕನಲುತ್ತದೆ. ಅರೆಬರೆ ಸುಡುವ ಯಾವುದೇ ವಸ್ತುವಿನಿಂದ ಸೂಕ್ಷ್ಮ ಕಣಗಳೂ ಇಂಗಾಲದ ಮಾನಾಕ್ಸೈಡ್, ಬೆಂಜೀನ್, ಫಾರ್ಮಾಲ್ಡಿಹೈಡ್‌ನಂಥ ಅನಿಲಗಳೂ ಹೊರಬರುತ್ತವೆ. 1 ಗ್ರಾಂ ಸಿಗರೇಟು ಸುಟ್ಟರೆ ಸುಮಾರು 10 ಮಿಲಿಗ್ರಾಂ ಕಣಗಳು ಬರುವಲ್ಲಿ, 1 ಗ್ರಾಂ ಊದಿನಕಡ್ಡಿಯಿಂದ ಸುಮಾರು 45 ಮಿಲಿಗ್ರಾಂ ಬರುವುದು ಪ್ರಯೋಗಗಳಲ್ಲಿ ಕಂಡುಬಂದಿದೆ. ಕರ್ಪೂರ ಉರಿಯುವಾಗ ಏಳುವ ಕರಿಮಸಿ ಎಲ್ಲರಿಗೂ ಗೊತ್ತು. ಕೊಟ್ಟಿಗೆಯಲ್ಲಿ ಗಂಜಲದ ಅಮೋನಿಯ ಮೊದಲೇ ಇರುತ್ತದೆ. ಕಿಟಕಿಯಿಲ್ಲದ ಕೊಟ್ಟಿಗೆಯಾದರೆ ಹೊಗೆಯೂ ಅದರೊಡನೆ ಸೇರಿ ರಾಸುಗಳ ಮೂಗು, ಕಣ್ಣು, ಶ್ವಾಸಕೋಶವನ್ನು ಕೆರಳಿಸುತ್ತದೆ.

ಯಾವ ಪ್ರಾಣಿಗೆ ಏನು ತೊಂದರೆ?

ಕೋಳಿ, ಪಾರಿವಾಳ: ಹಕ್ಕಿಗಳಿಗೆ ಶ್ವಾಸಕೋಶದ ಜೊತೆಗೆ ಗಾಳಿಚೀಲಗಳಿವೆ. ಎಳೆದ ಗಾಳಿ ಶ್ವಾಸಕೋಶದಲ್ಲಿ ಒಂದೇ ದಿಕ್ಕಿಗೆ ಹರಿಯುವುದರಿಂದ ಪ್ರಾಣವಾಯುವನ್ನು ಚೆನ್ನಾಗಿ ಹೀರಬಲ್ಲವು. ಅಷ್ಟೇ ಚೆನ್ನಾಗಿ ವಿಷವನ್ನೂ ಹೀರುತ್ತವೆ. ಬ್ರಿಟನ್ನಿನ ಕಲ್ಲಿದ್ದಲ ಗಣಿಗಳಲ್ಲಿ ವಿಷಾನಿಲದ ಮುನ್ಸೂಚನೆಗಾಗಿ ಕ್ಯಾನರಿ ಹಕ್ಕಿಯನ್ನು 1986ರವರೆಗೂ ಇಡುತ್ತಿದ್ದುದು ಇದೇ ಕಾರಣದಿಂದ.

ಬೆಕ್ಕು: ಸುಗಂಧ ದ್ರವ್ಯಗಳಲ್ಲಿನ ಫೀನಾಲ್ ಜಾತಿಯ ವಸ್ತುಗಳನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕೆ ಬಹಳ ಕಡಿಮೆ. ಮೈಮೇಲೆ ಕುಳಿತ ಮಸಿಯನ್ನೂ ಎಣ್ಣೆಯನ್ನೂ ಅದು ನೆಕ್ಕಿ ಹೊಟ್ಟೆಗೆ ಸೇರಿಸುತ್ತದೆ. ನೀಲಗಿರಿ ಎಣ್ಣೆ, ಕರ್ಪೂರದ ಎಣ್ಣೆ ಬೆಕ್ಕಿಗೆ ವಿಷ.

ನಾಯಿ: ವಾಸನೆ ಗ್ರಹಿಸುವ ಕೋಶಗಳು ಮನುಷ್ಯನಲ್ಲಿ ಸುಮಾರು 50–60 ಲಕ್ಷವಿದ್ದರೆ ನಾಯಿಯಲ್ಲಿ 20 ಕೋಟಿಗೂ ಮೇಲಿವೆ. ನಮಗೆ ಹಿತವೆನಿಸುವ ಪರಿಮಳ ಅದಕ್ಕೆ ತಡೆಯಲಾರದ ಘಾಟಾಗಬಹುದು. ನೆಲಕ್ಕೆ ಬಿದ್ದ ಕರ್ಪೂರದ ಬಿಲ್ಲೆಯನ್ನು ನಾಯಿಮರಿ ನುಂಗಿದರೆ ಸೆಳೆತ ಬರುವ ಅಪಾಯವಿದೆ.

ಕುರಿ, ಆಕಳು, ಎಮ್ಮೆ: ಈದ ಕುರಿ ತನ್ನ ಮರಿಯನ್ನು ಗುರುತಿಟ್ಟುಕೊಳ್ಳುವುದು ವಾಸನೆಯಿಂದ. ಈದ ಮೊದಲ ಒಂದೆರಡು ತಾಸಿನಲ್ಲಿ ಮರಿಯನ್ನು ನೆಕ್ಕುತ್ತ ಈ ಗುರುತು ಮೂಡುತ್ತದೆ. ಆ ಹೊತ್ತಿನಲ್ಲಿ ಮರಿಗೆ ಲೋಬಾನದ ಹೊಗೆ ಹಿಡಿದರೆ, ಅತ್ತರು ಹಚ್ಚಿದರೆ ತಾಯಿ ಗುರುತು ತಪ್ಪಿ ಹಾಲೂಡಿಸದೆ ಒದೆಯಬಹುದು. ಆಕಳು, ಎಮ್ಮೆಗಳೂ ಕರುವನ್ನು ವಾಸನೆಯಿಂದಲೇ ಅರಿಯುತ್ತವೆ. ಹೊಸದಾಗಿ ಈದ ರಾಸಿನ ಹತ್ತಿರ ಯಾವ ಹೊಗೆಯೂ ಕೂಡದು.

ಎತ್ತು: ಕಾರಹುಣ್ಣಿಮೆ ಬರುವುದು ತೊಗರಿ, ಹತ್ತಿ, ಸಜ್ಜೆಯ ಮುಂಗಾರು ಬಿತ್ತನೆಯ ಹದದಲ್ಲಿ. ಈ ಕಾಲದಲ್ಲಿ ಎತ್ತು ಕೆಮ್ಮುತ್ತ ಮೇವು ಬಿಟ್ಟರೆ ಕೂರಿಗೆ ನಿಲ್ಲುತ್ತದೆ. ಹೊಲದ ತೇವ ಎತ್ತು ಗುಣವಾಗುವವರೆಗೆ ಕಾಯುವುದಿಲ್ಲ.

ಧೂಪವಿಲ್ಲದೆ ಪೂಜೆ ಆದೀತೇ?

ಗಂಧ, ಹೂ, ಧೂಪ, ದೀಪ, ನೈವೇದ್ಯ ಎಂಬ ಐದು ಉಪಚಾರಗಳಲ್ಲಿ ಹೊಗೆಯುಳ್ಳದ್ದು ಧೂಪವೊಂದೇ. ಯಾವುದಾದರೂ ಉಪಚಾರಕ್ಕೆ ಸಾಮಗ್ರಿ ಇಲ್ಲದಿದ್ದರೆ ಅದರ ಬದಲು ಅಕ್ಷತೆ ಹಾಕುವುದು ಪುರೋಹಿತರಲ್ಲಿ ಹಿಂದಿನಿಂದ ಬಂದ ರೂಢಿ. ಅಂದಮೇಲೆ ಕೊಟ್ಟಿಗೆಯಲ್ಲಿ ಧೂಪದ ಬದಲು ಅಕ್ಷತೆ ಹಾಕಿದರೆ ಶಾಸ್ತ್ರಕ್ಕೆ ಕುಂದಿಲ್ಲ. ಧೂಪ ಬೇಕೇ ಬೇಕೆನ್ನುವವರು ಅದನ್ನು ಗುಡಿಯಲ್ಲೋ ದರ್ಗಾದಲ್ಲೋ ಬಯಲಲ್ಲೋ ಹಾಕಿ, ಕೊಟ್ಟಿಗೆಗೆ ಹೂವು, ವಿಭೂತಿಯನ್ನಷ್ಟೇ ತರಬಹುದು.

ಇದು ನಮ್ಮ ರೈತರಿಗೆ ತೀರ ಹೊಸದೂ ಅಲ್ಲ. ರೇಷ್ಮೆ ಸಾಕುವವರು ಹುಳುಮನೆಯಲ್ಲಿ ಊದಿನಕಡ್ಡಿ ಹಚ್ಚುವುದಿಲ್ಲ, ಬೀಡಿ ಸೇದುವುದಿಲ್ಲ. ಹುಳುವಿಗೆ ಕೊಡುವ ಈ ಮರ್ಯಾದೆಯನ್ನು ಎತ್ತಿಗೂ ಕೊಡೋಣ.

ಬದಲಿ ಕ್ರಮಗಳು

1. ಲೋಬಾನ, ಊದಿನಕಡ್ಡಿಯ ಬದಲು: ಅಕ್ಷತೆ, ಬಿಲ್ವಪತ್ರೆ, ನೀರಿನ ಪ್ರೋಕ್ಷಣೆ. ಬಾಗಿಲಿಗೆ ಮಾವಿನ ಎಲೆ, ಬೇವಿನ ಸೊಪ್ಪಿನ ತೋರಣ.

2. ಕರ್ಪೂರದಾರತಿಯ ಬದಲು: ಎಣ್ಣೆಯ ದೀಪ. ಕುಸುಬೆ, ಎಳ್ಳು, ಶೇಂಗಾ ಎಣ್ಣೆ ಅಥವಾ ತುಪ್ಪ ಬಳಸಿರಿ; ಸೀಮೆಎಣ್ಣೆ ಬೇಡ. ಹತ್ತಿಯ ಬತ್ತಿಯನ್ನು ತೆಳ್ಳಗೆ ಹೊಸೆದು, ತುದಿ ಸ್ವಲ್ಪವೇ ಹೊರಗಿರುವಂತೆ ಇಟ್ಟರೆ ಎಣ್ಣೆ ಪೂರ್ತಿ ಉರಿದು ಹೊಗೆ ಅತಿ ಕಡಿಮೆಯಾಗುತ್ತದೆ. ಬತ್ತಿ ದಪ್ಪವಾಗಿ ಉರಿ ಎತ್ತರವಾದರೆ ಮಸಿ ಬರುತ್ತದೆ. ದೀಪವನ್ನು ಮರಳು ತುಂಬಿದ ತಟ್ಟೆಯಲ್ಲಿಟ್ಟು, ಕಣಿಕೆ, ಹೊಟ್ಟು, ಬಣವೆಯಿಂದ ದೂರವಿಡಿರಿ. ಕೆಲಸ ಮುಗಿದೊಡನೆ ಹೊರಗೆ ತನ್ನಿರಿ.

3. ದೃಷ್ಟಿ ತೆಗೆಯಲು: ಮೆಣಸಿನಕಾಯಿ ಸುಡುವುದನ್ನು ಪೂರ್ಣ ಬಿಡಿರಿ. ಇದರ ಘಾಟು ಎಲ್ಲ ಪ್ರಾಣಿಗಳಿಗೂ ಅತಿ ಕಠಿಣ. ಅರಿಶಿನ ಕದಡಿದ ನೀರಿಗೆ ಚಿಟಿಕೆ ಸುಣ್ಣ ಹಾಕಿದರೆ, ಅರಿಶಿನದ ಬಣ್ಣ ಸುಣ್ಣದ ಕ್ಷಾರದಿಂದ ಕೆಂಪಾಗುತ್ತದೆ. ಈ ಕೆಂಪು ನೀರಿನ ಆರತಿ ಎತ್ತಿ, ಬಾಗಿಲ ಹೊರಗೆ ಚೆಲ್ಲಿರಿ. ಉಪ್ಪನ್ನು ನಿವಾಳಿಸಿ ನೀರಿಗೆ ಹಾಕುವುದೂ ಸರಿ.

4. ಕೋಡಿನ ಬಣ್ಣ: ಡಬ್ಬಿಯ ಎಣ್ಣೆಬಣ್ಣಕ್ಕೂ ಅದನ್ನು ತೆಳುಮಾಡುವ ದ್ರಾವಣಕ್ಕೂ ಕಟುವಾದ ವಾಸನೆಯಿದೆ. ಮನೆ ಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂದು ಕೇಂದ್ರ ಸರ್ಕಾರ 2016ರಲ್ಲಿ ನಿಯಮ ಮಾಡಿದೆ. ಆದರೆ ಹಳೆಯ ಡಬ್ಬಿಗಳಲ್ಲಿ ಎಷ್ಟಿದೆಯೋ ಹೇಳಲಾಗದು. ದನಗಳು ಒಂದನ್ನೊಂದು ನೆಕ್ಕುತ್ತವೆ, ಸೀಸ ಅವುಗಳಿಗೆ ಮಾರಕ. ಹಿರಿಯರು ಬಳಸುತ್ತಿದ್ದ ಹುರಮಂಜು, ಕೆಮ್ಮಣ್ಣು, ಅರಿಶಿನವೇ ಉತ್ತಮ.

5. ಹೂವು: ಚೆಂಡುಹೂವಿನ ಸರ ಸಾಕು. ಕಣಗಿಲೆ ಹೂವನ್ನೂ ಎಕ್ಕೆಯ ಹೂವನ್ನೂ ಎತ್ತಿನ ಕೊರಳಿಗೆ ಕಟ್ಟಲೇಬಾರದು. ಪಕ್ಕದ ದನ ಬಾಯಿ ಹಾಕಿದರೆ ವಿಷವೇರುತ್ತದೆ. ಕಣಗಿಲೆಯ ಕೆಲವೇ ಎಲೆಗಳು ಹೃದಯ ನಿಲ್ಲಿಸಬಲ್ಲವು.

6. ಗಂಧದ ಬದಲು: ಹಣೆಗೆ ವಿಭೂತಿ ಅಥವಾ ಅರಿಶಿನ ಕುಂಕುಮ ತುಸುವೇ ಹಚ್ಚಿರಿ. ಕಣ್ಣಿಗೆ, ಮೂಗಿಗೆ ತಾಗಬಾರದು.

7. ನೈವೇದ್ಯ: ಹೋಳಿಗೆ, ಅನ್ನ ಶಾಸ್ತ್ರಕ್ಕೆ ಒಂದು ತುತ್ತು ಮಾತ್ರ. ಹೆಚ್ಚಾದರೆ ಹೊಟ್ಟೆ ಹುಳಿಯಾಗಿ ಉಬ್ಬರ ಬರುತ್ತದೆ.

ಸೊಳ್ಳೆ ನೊಣಕ್ಕೆ ಹೊಗೆ ಬೇಡವೇ?

ಸಂಜೆ ಬೇವಿನ ಸೊಪ್ಪಿನ ಹೊಗೆ ಹಾಕದಿದ್ದರೆ ದನ ನಿಲ್ಲುವುದಿಲ್ಲ ಎನ್ನುವ ರೈತರಿದ್ದಾರೆ. ಅವರ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. ಆದರೆ ಹೊಗೆ ಆರಿದ ಮೇಲೆ ಸೊಳ್ಳೆ ಮರಳಿ ಬರುತ್ತದೆ. ಸಗಣಿಯನ್ನು ದಿನಾಲು ತೆಗೆದು ತಿಪ್ಪೆಗೆ ಹಾಕುವುದು, ಗಂಜಲ ಹರಿದುಹೋಗಲು ಕಾಲುವೆ ಮಾಡುವುದು, ನಿಂತ ನೀರನ್ನು ತೆಗೆಯುವುದು, ಕಿಟಕಿಗೆ ಸೊಳ್ಳೆಪರದೆ ಬಿಗಿಯುವುದು ಶಾಶ್ವತ ಉಪಾಯಗಳು. ಅಲ್ಲಿಯವರೆಗೆ ಹೊಗೆ ಅನಿವಾರ್ಯವಾದರೆ ಕೊಟ್ಟಿಗೆಯ ಹೊರಗೆ, ಬಯಲಲ್ಲಿ, ಸ್ವಲ್ಪ ಹೊತ್ತು ಮಾತ್ರ ಹಾಕಿರಿ. ಕೆಂಡದ ಕುಳ್ಳನ್ನು ಒಳಗಿಟ್ಟು ಬಾಗಿಲು ಹಾಕಬೇಡಿರಿ. ಕಣ್ಣಿಗೆ ಕಾಣದ, ವಾಸನೆಯಿಲ್ಲದ ಇಂಗಾಲದ ಮಾನಾಕ್ಸೈಡ್ ಮನುಷ್ಯರನ್ನೂ ಉಳಿಸುವುದಿಲ್ಲ.

ತೊಂದರೆ ಕಂಡರೆ

ದನ ಕೆಮ್ಮುವುದು, ಕಣ್ಣು ಮೂಗಿನಲ್ಲಿ ನೀರು ಸುರಿಸುವುದು, ಕೋಳಿ ಕೊಕ್ಕು ತೆರೆದು ಏದುಸಿರು ಬಿಡುವುದು, ಬೆಕ್ಕು ಜೊಲ್ಲು ಸುರಿಸಿ ತೂರಾಡುವುದು ಮುಖ್ಯ ಲಕ್ಷಣಗಳು. ಮೊದಲು ಪ್ರಾಣಿಯನ್ನು ಬಯಲಿಗೆ, ನೆರಳಿಗೆ ತನ್ನಿರಿ. ಮೈಗೆ ಎಣ್ಣೆ ತಾಗಿದ್ದರೆ ಸಾಬೂನು ನೀರಿನಿಂದ ತೊಳೆಯಿರಿ. ಗೊಟ್ಟದಿಂದ ಎಣ್ಣೆ, ಹಾಲು ಹೊಯ್ಯಬೇಡಿರಿ; ಉಸಿರು ಕಟ್ಟಿದ ಪ್ರಾಣಿಯಲ್ಲಿ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ತಡಮಾಡದೆ ಹತ್ತಿರದ ಪಶುವೈದ್ಯರನ್ನು ಕಾಣಿರಿ ಅಥವಾ 1962ಕ್ಕೆ ದೂರವಾಣಿ ಮಾಡಿರಿ. ಪ್ರಾಣಿ ಏನನ್ನು ನುಂಗಿತು, ಯಾವ ಹೊಗೆಯಲ್ಲಿ ಎಷ್ಟು ಹೊತ್ತು ಇತ್ತು ಎಂಬುದನ್ನು ತಿಳಿಸಿದರೆ ಚಿಕಿತ್ಸೆಗೆ ಅನುಕೂಲ.

ಬರುವ ಹಬ್ಬಕ್ಕೆ ಇಷ್ಟು ಮಾಡಿರಿ: ಮುಂಜಾನೆ ಕೊಟ್ಟಿಗೆಯ ಬಾಗಿಲು, ಕಿಟಕಿ ತೆರೆಯಿರಿ. ಕೋಳಿ, ಬೆಕ್ಕು, ಮರಿಗಳನ್ನು ಬೇರೆ ಕಡೆ ಇರಿಸಿರಿ. ಎತ್ತುಗಳನ್ನು ಅಂಗಳಕ್ಕೆ ತಂದು ತೊಳೆದು, ಅಲ್ಲೇ ಹೂವು, ಅಕ್ಷತೆ, ದೀಪದಿಂದ ಪೂಜಿಸಿರಿ. ವರ್ಷವಿಡೀ ನೊಗ ಹೊತ್ತ ಎತ್ತಿಗೆ ಶುದ್ಧ ಗಾಳಿ, ತಿಳಿನೀರು, ಒಂದು ಹೊರೆ ಹಸಿರು ಮೇವು ಸಂದರೆ ಹಬ್ಬ ಪೂರ್ತಿಯಾದಂತೆಯೇ.